ದಾವಲಸಾಬನ ಕೈ

ಯಾವ ಕಾಲ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ನಮ್ಮ ಅಜ್ಜಿಗೆ ಅವಳ ಅಜ್ಜಿ ಹೇಳುವಾಗಲೇ ಇದು ಹಳೆಯ ಮಾತಾಗಿತ್ತಂತೆ. ಆಗ ಈ ಕರಿ ಎರೆಮಣ್ಣಿನ ಹೊಲಗಳ ನಡುವೆ, ಹಳ್ಳದ ದಂಡೆಗೆ ಒಂದು ಊರು, ನಮ್ಮದೇ ಊರು. ಆ ಊರಲ್ಲಿ ದಾವಲಸಾಬ ಅಂತ ಒಬ್ಬ ನಾಲಬಂದ ಇದ್ದ. ನಾಲಬಂದ ಅಂದರೆ ಎತ್ತಿನ ಗೊರಸಿಗೆ ಲಾಳ ಕಟ್ಟುವವನು. ನೀವು ಟ್ರ್ಯಾಕ್ಟರ್ ಕಂಡು ಬೆಳೆದವರು, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಅವನ ಬಗ್ಗೆ ಜನ ಏನೇನೋ ಹೇಳುತ್ತಾರೆ. ಹಳ್ಳದ ಆಚೆ ಬರುವ ಎತ್ತಿನ ಹೆಜ್ಜೆ ಸಪ್ಪಳ ಕೇಳಿಯೇ ಯಾವ ಕಾಲಿಗೆ ನೋವು ಅಂತ ಹೇಳುತ್ತಿದ್ದನಂತೆ. ಎಲುಬುಗಳು ಅವನ ಜೊತೆ ಮಾತಾಡುತ್ತಿದ್ದವಂತೆ. ಒಂದು ಹುಲಿ ಅವನ ಅಂಗಳಕ್ಕೆ ಬಂದು ಪಂಜ ಚಾಚಿ ಕೂತಿತ್ತಂತೆ. ನೆಟ್ಟಗೆ ಒಂದು ಮರವಿಲ್ಲದ ಈ ಸೀಮೆಗೆ ಹುಲಿ ಎಲ್ಲಿಂದ ಬರಬೇಕು? ನಾನು ಅದನ್ನೆಲ್ಲ ನಂಬುವವಳಲ್ಲ. ಆದರೆ ಗಾಣದ ಮನೆಯಲ್ಲಿ ನಡೆದದ್ದನ್ನು ನಂಬುತ್ತೇನೆ.

ದಾವಲಸಾಬನ ಕೆಲಸದ ರೀತಿಯೇ ಬೇರೆ ಇತ್ತಂತೆ. ಎತ್ತು ಕುಂಟುತ್ತ ಬಂದರೆ ಅವನು ಅದರ ಕಾಲು ನೋಡುತ್ತಿರಲಿಲ್ಲ. ಕೈ ಗೊರಸಿನಿಂದ ಮೇಲಕ್ಕೆ ನಿಧಾನವಾಗಿ ಸವರುತ್ತ ಹೋಗುತ್ತಿತ್ತು, ಕಣ್ಣು ಮಾತ್ರ ಎತ್ತಿನ ಮುಖದ ಮೇಲೆ. ಎಲ್ಲಿ ಕಿವಿ ಹಿಂದಕ್ಕೆ ಸರಿಯಿತೋ, ಎಲ್ಲಿ ಕಣ್ಣಿನ ಸುತ್ತ ತೊಗಲು ಬಿಗಿಯಿತೋ, ಅಲ್ಲಿ ಕೈ ನಿಲ್ಲುತ್ತಿತ್ತು. ನೋವು ಅಲ್ಲೇ ಇರುತ್ತಿತ್ತಂತೆ.

ಅದೇ ಊರಲ್ಲಿ ಗಾಣದ ಮನೆಯ ಸಂಕವ್ವ ಇದ್ದಳು. ಮದುವೆಯಾಗಿ ಬಂದಾಗಿನಿಂದ ಎಣ್ಣೆಗಾಣದ ಎತ್ತಿನ ಹಿಂದೆ ಸುತ್ತಿದವಳು. ಕರಿಯ ಅಂತ ಅವಳದೊಂದು ಎತ್ತು, ಹೊಟ್ಟೆಯಲ್ಲಿ ಹುಟ್ಟಿದ ಮಗನಿಗಿಂತ ಹೆಚ್ಚು. ಆ ಕರಿಯ ಸತ್ತು ಎಷ್ಟೋ ಕಾಲವಾಗಿತ್ತು. ಸಂಕವ್ವನಿಗೆ ವಯಸ್ಸಾಯಿತು, ಅರಳುಮರಳು ಹಿಡಿಯಿತು. ಮಗ ಕಾಡಪ್ಪನನ್ನು ಗುರುತು ಹಿಡಿಯದಾದಳು. ಸೊಸೆ ತಂಗೆವ್ವನನ್ನು ಒಮ್ಮೆ ಅವ್ವಾ ಅನ್ನುತ್ತಿದ್ದಳು, ಒಮ್ಮೆ ಯಾರವ್ವ ನೀನು ಅನ್ನುತ್ತಿದ್ದಳು. ಆದರೂ ಬೆಳಗಾದರೆ ಬರಿಗಾಲಲ್ಲಿ ಗಾಣದ ಸುತ್ತ ಸುತ್ತುವುದನ್ನು ಬಿಟ್ಟಿರಲಿಲ್ಲ.

ಒಂದು ದಿನ ಸುತ್ತುವುದನ್ನೂ ಬಿಟ್ಟಳು. ಹಾಸಿಗೆ ಹಿಡಿದಳು. ಸ್ನಾನಕ್ಕೆ ಎಬ್ಬಿಸಿದರೆ ಸೊಸೆಯನ್ನು ಒದೆಯುತ್ತಿದ್ದಳು, ಪರಚುತ್ತಿದ್ದಳು. ಆಮೇಲೆ ಅನ್ನವನ್ನೂ ಬಿಟ್ಟಳು, ಚಮಚೆ ತುಟಿಗೆ ತಂದರೆ ಮುಖ ತಿರುಗಿಸುತ್ತಿದ್ದಳು. ನೋವೈತೇನು ಅತ್ತಿ ಅಂತ ತಂಗೆವ್ವ ಕೇಳಿದಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ: "ಇಲ್ಲವ್ವ, ಆರಾಮ ಅದೀನಿ." ಬದುಕಿಡೀ ಯಾರು ಕೇಳಿದರೂ ಅವಳು ಕೊಟ್ಟ ಉತ್ತರ ಅದು. ಎಲ್ಲ ಮರೆತ ಮೇಲೂ ಅದೊಂದು ನಾಲಿಗೆಯ ಮೇಲೆ ಉಳಿದಿತ್ತು.

ಆ ಊರಲ್ಲಿ ಒಂದು ಪದ್ಧತಿ. ಹಿರಿಯರು ಅನ್ನ ಬಿಟ್ಟರೆ ಒತ್ತಾಯ ಮಾಡಬಾರದು, ಅವರು ಹೊರಡುವ ಮನಸ್ಸು ಮಾಡಿದ್ದಾರೆ ಅಂತ ತಿಳಿಯಬೇಕು. ಹಣೆಗೆ ವಿಭೂತಿ ಹಚ್ಚಿ, ತುಟಿಗೆ ನೀರು ಬಿಡುತ್ತ, ಸುತ್ತ ಕೂತು ಭಜನೆ ಮಾಡಿ ಕಳಿಸಿಕೊಡಬೇಕು. ಪದ್ಧತಿ ಕೆಟ್ಟದ್ದಲ್ಲ. ನಿಜವಾಗಿ ಹೊರಟವರಿಗೆ ಅದಕ್ಕಿಂತ ಒಳ್ಳೆಯ ಬೀಳ್ಕೊಡುಗೆ ಇಲ್ಲ. ಆದರೆ ಸಂಕವ್ವ ಹೊರಟಿರಲಿಲ್ಲ.

ಭಜನೆ ಶುರುವಾಯಿತು. ನಂಟರು ಬಂದರು, ಅಂಗಳದಲ್ಲಿ ಒಲೆ ಹೂಡಿದರು. ಸಂಕವ್ವ ಮಾತ್ರ ಹಾಡಿನ ನಡುವೆ ಒಂದೇ ಮಾತು ಕೂಗುತ್ತಿದ್ದಳು: "ಕರಿಯ ಕುಂಟಾಕತ್ತಾನ, ಗಾಣ ನಿಂದರಸ್ರಿ. ಅವನ ಕಾಲಾಗ ಬೆಂಕಿ ಐತಿ." ಸತ್ತ ಎತ್ತಿನ ಚಿಂತೆ ಅಂತ ಕೆಲವರು ನಕ್ಕರು. ತಂಗೆವ್ವನಿಗೆ ನಗು ಬರಲಿಲ್ಲ. ಹೋಗುವ ಜೀವ ಈ ಚಿಂತೆ ಹೊತ್ತು ಹೋಗಬಾರದು ಅಂತ ಅವಳು ದಾವಲಸಾಬನಿಗೆ ಹೇಳಿ ಕಳಿಸಿದಳು. ಮನೆಯಲ್ಲಿದ್ದ ಬಿಳಿ ಎತ್ತನ್ನೇ ಮುಟ್ಟಿ ನೋಡಿ, ಕಾಲು ನೆಟ್ಟಗಿದೆ ಅಂತ ಅತ್ತೆಯ ಕಿವಿಗೆ ಹೇಳಿ ಹೋಗಲಿ ಅಂತ.

ದಾವಲಸಾಬ ಬಂದ. ಬಿಳಿ ಎತ್ತಿನ ನಾಲ್ಕೂ ಕಾಲು ಸವರಿದ. ಎತ್ತು ಆರಾಮವಾಗಿತ್ತು. ಒಳಗೆ ಬಂದು ಹಾಗೇ ಹೇಳಿದ. ಸಂಕವ್ವ ಒಪ್ಪಲಿಲ್ಲ, ಕಾಲಲ್ಲಿ ಬೆಂಕಿ ಐತಿ ಅಂದಳು. ಉಳಿದವರಾದರೆ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ದಾವಲಸಾಬ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತ. ನೋವಿರುವ ಎತ್ತು ಮೇವು ಮುಟ್ಟುವುದಿಲ್ಲ, ಎದ್ದು ನಿಲ್ಲುವುದಿಲ್ಲ, ಹತ್ತಿರ ಬಂದವರನ್ನು ಒದೆಯುತ್ತದೆ. ಇಷ್ಟೂ ಅವನಿಗೆ ಗೊತ್ತಿದ್ದದ್ದೇ. ಎತ್ತು ಕುಂಟುತ್ತಿಲ್ಲ ಅಂದ ಮೇಲೆ ಕುಂಟುತ್ತಿರುವವರು ಯಾರು ಅಂತ ಯೋಚಿಸಿದ. ಆಮೇಲೆ ಭಜನೆ ನಿಲ್ಲಿಸಿ ಅಂದ. ಸಂಕವ್ವನ ಮೈ ಸವರಿ ನೋಡಬೇಕು ಅಂದ.

ಕಾಡಪ್ಪನಿಗೆ ಸಿಟ್ಟು ನೆತ್ತಿಗೇರಿತು. "ನಮ್ಮವ್ವ ಏನ್ ಎತ್ತೇನು?" ಅಂತ ಕೈ ಎತ್ತಿಕೊಂಡೇ ಬಂದನಂತೆ.

"ಎತ್ತಲ್ಲೋ ತಮ್ಮಾ," ಅಂದ ದಾವಲಸಾಬ. "ಆದ್ರ ನೋವು ಎಲ್ಲೈತಿ ಅಂತ ಹೇಳಾಕ ಆಕಿಗೂ ಈಗ ಬರಾಕತ್ತಿಲ್ಲ."

ಕಾಡಪ್ಪ ಎತ್ತಿದ ಕೈ ಇಳಿಸಿದ. ಆದರೂ ಪರಗಂಡಸು ಆ ಮನೆಯ ಹಿರಿಯಳ ಮೈ ಮುಟ್ಟುವುದು ಹೇಗೆ? ಅದು ಆಗದ ಮಾತು. ದಾವಲಸಾಬನೂ ಅದನ್ನು ಬಲ್ಲವನೇ. ತಂಗೆವ್ವನನ್ನು ಕರೆದ. ಕೈ ನಿನ್ನದು, ಕಣ್ಣು ನನ್ನದು ಅಂದ.

ತಂಗೆವ್ವ ಅತ್ತೆಯ ಬಲಗಾಲಿಗೆ ಕೈ ಇಟ್ಟಳು. ಮೆಲ್ಲಗೆ ಮೇಲೆ ತಂದಳು. ಏನಿಲ್ಲ. ಎಡಗಾಲಿಗೆ ಕೈ ಇಟ್ಟು ಕಾಲನ್ನೇ ನೋಡತೊಡಗಿದಳು. ದಾವಲಸಾಬ ತಡೆದ. "ಕಾಲ ಬ್ಯಾಡ ತಂಗಿ, ಮುಖ ನೋಡು." ತಂಗೆವ್ವ ತಲೆ ಎತ್ತಿದಳು. ಕೈ ಎಡ ಹಿಮ್ಮಡಿಗೆ ಹೋಯಿತು. ಸಂಕವ್ವನ ಹುಬ್ಬು ಗಂಟಾಯಿತು, ವಿಭೂತಿ ಬಿರುಕು ಬಿಟ್ಟಿತು, ತುಟಿ ಹಲ್ಲಿಗಂಟಿತು. ನೋವೈತೇನು ಅತ್ತಿ ಅಂತ ಸೊಸೆ ಕೇಳಿದಳು. ಅದೇ ಗಂಟು ಮುಖದಲ್ಲೇ ಸಂಕವ್ವ ಅಂದಳು: "ಇಲ್ಲವ್ವ, ಆರಾಮ ಅದೀನಿ."

ತಂಗೆವ್ವ ಅಲ್ಲೇ ಅತ್ತುಬಿಟ್ಟಳು. ಮೈಗೆ ನೀರು ಹಾಕುವಾಗ ದಿನಾ ಆ ಹಿಮ್ಮಡಿಯನ್ನೇ ತಿಕ್ಕಿದವಳು ಅವಳು. ಒದೆ ತಿಂದು, ಹಠಮಾರಿ ಮುದುಕಿ ಅಂತ ಬೈದವಳು ಅವಳು.

ಒಡೆದ ಹಿಮ್ಮಡಿ, ಕಲ್ಲಿನ ಹಾಗೆ ಗಟ್ಟಿಯಾದ ತೊಗಲು. ಅದರ ಒಳಗೆ ಜಾಲಿ ಮುಳ್ಳು ಮುರಿದು, ಮೇಲೆ ಮುಚ್ಚಿಕೊಂಡು, ಕೀವಾಗಿತ್ತು. ಬಿಸಿನೀರಲ್ಲಿ ನೆನೆಸಿ, ದಾವಲಸಾಬ ಹೇಳಿಕೊಟ್ಟ ಹಾಗೆ ತಂಗೆವ್ವ ಚಿಮಟದಲ್ಲಿ ಎಳೆದಳು. ಬಂದ ಮುಳ್ಳು ಬೆರಳುದ್ದ ಇತ್ತು ಅಂತಾರೆ. ನನ್ನನ್ನು ಕೇಳಿದರೆ ಉಗುರಿನಷ್ಟಿದ್ದೀತು, ಸಾಯಿಸಲು ಅಷ್ಟು ಸಾಕು. ಅರಿಸಿನ, ಕುಸುಬಿ ಎಣ್ಣೆ ಕಾಸಿ ಕಟ್ಟಿದರು. ಸಂಕವ್ವ ನಿದ್ದೆ ಹೋದಳು. ಎದ್ದವಳು ದಾವಲಸಾಬನನ್ನು ನೋಡಿ, "ಕರಿಯ ಇನ್ನ ನಡೀತಾನ, ಗಾಣ ಹೂಡ್ರಿ," ಅಂದಳು. ಆಮೇಲೆ ಒಂದು ಬಟ್ಟಲು ಅಂಬಲಿ ಕುಡಿದಳು. ಭಜನೆಗೆ ಬಂದವರು ಮಾಡಿದ್ದ ಅಡುಗೆ ಹಾಳಾಗದ ಹಾಗೆ ಉಂಡು ಮನೆಗೆ ಹೋದರಂತೆ.

ಸಂಕವ್ವನ ನೆನಪು ಮರಳಲಿಲ್ಲ. ಆದರೆ ಮುಂದಿನ ಸುಗ್ಗಿಯ ಕುಸುಬಿ ಒಕ್ಕುವವರೆಗೂ, ಅದರಾಚೆಗೂ ಬದುಕಿದಳು, ಗಾಣ ಸುತ್ತಿದಳು. ಸೊಸೆ ದಿನಾ ಅವಳ ಕಾಲಿಗೆ ಚಪ್ಪಲಿ ಹಾಕುತ್ತಿದ್ದಳು.

ಮುಂದೆ ದಾವಲಸಾಬನಿಗೂ ಆ ಮರೆವೇ ಬಂತು. ದೇವರಿಗೆ ಏನನ್ನೋಣ! ಚಾವಡಿಯ ಕಂಬವನ್ನು ಎತ್ತಿನ ಕಾಲು ಅಂತ ಹಿಡಿದು ಕೂರುತ್ತಿದ್ದನಂತೆ. ಅವನ ಒಡಹುಟ್ಟಿದ ತಂಗಿಯ ಮಗನ ಮನೆಯವರು ಚೆನ್ನಾಗಿಯೇ ನೋಡಿಕೊಂಡರು. ಎತ್ತುಗಳು ಕಾಣಲಿ ಅಂತ ಬಾಗಿಲ ಕಡೆ ಮುಖ ಮಾಡಿ, ಎಡಮಗ್ಗುಲಿಗೆ ಮಲಗಿಸುತ್ತಿದ್ದರು. ದಿನ ಕಳೆದಂತೆ ಅವನು ಮಾತು ಬಿಟ್ಟ, ಮಿಸುಕದೆ ಮಲಗಿದ. ಪುಣ್ಯಾತ್ಮ, ಎಷ್ಟು ಸಮಾಧಾನವಾಗಿದ್ದಾನೆ ಅಂದರು ಊರವರು. ತಂಗೆವ್ವನಿಗೆ ಮಾತ್ರ ಅವನೇ ಹಿಂದೆ ಹೇಳಿದ್ದು ನೆನಪಿತ್ತು. ಸಣ್ಣ ನೋವಿಗೆ ಎತ್ತು ಒದೆಯುತ್ತದೆ, ದೊಡ್ಡ ನೋವಿಗೆ ಸುಮ್ಮನಾಗುತ್ತದೆ ಅಂತ.

ಅವಳು ಬಂದಳು. ಹೆಂಗಸರು ಗಂಡಸರು ತುಂಬಿದ ಮನೆಯಲ್ಲಿ, ಗಾಣದ ಮನೆಯ ಸೊಸೆ ನಾಲಬಂದನ ಕಾಲಿಗೆ ತಾನೇ ಕೈ ಇಟ್ಟಳು. ಯಾರೋ ಗೊಣಗಿದರು. ಅವಳು ಆ ಕಡೆ ತಿರುಗಲಿಲ್ಲ, ಅವಳ ಕಣ್ಣು ಅವನ ಮುಖದ ಮೇಲಿತ್ತು. ಕೈ ಎಡ ಪಕ್ಕೆಲುಬಿಗೆ ಬಂದಾಗ ಅವನ ರೆಪ್ಪೆ ಬಿಗಿಯಿತು. ನೋವೈತೇನು ಕಾಕಾ ಅಂದಳು. "ಆರಾಮ ಅದೀನಿ ತಂಗಿ," ಅಂದನಂತೆ. ಎಷ್ಟೋ ದಿನಗಳ ಮೇಲೆ ಆಡಿದ ಮಾತು ಅದು.

ಅಲ್ಲಿ ತೆಗೆಯಲು ಮುಳ್ಳಿರಲಿಲ್ಲ. ಒಳಗೇ ಬೆಳೆದ ಬೇನೆ, ಯಾರಿಂದಲೂ ಆಗುತ್ತಿರಲಿಲ್ಲ. ತಂಗೆವ್ವ ಅವನು ಮಲಗಿದ್ದ ಹೊರಸನ್ನು ತಲೆ-ಕಾಲು ಅದಲುಬದಲಾಗುವಂತೆ ತಿರುಗಿಸಿ ಹಾಕಿಸಿದಳು, ಅಷ್ಟೇ. ಈಗ ಬಲಮಗ್ಗುಲಿಗೆ ಮಲಗಿದರೂ ಎತ್ತುಗಳು ಕಾಣುತ್ತಿದ್ದವು. ಅವನ ಮುಖ ಸಡಿಲವಾಯಿತು. ಕೊನೆಯವರೆಗೂ ಹಾಗೇ ಇತ್ತು ಅಂತಾರೆ.

ಆವತ್ತಿನಿಂದ ಈವತ್ತಿನವರೆಗೂ ನಮ್ಮೂರಲ್ಲಿ ಯಾರಾದರೂ ಅನ್ನ ಬಿಟ್ಟರೆ ಭಜನೆಯವರು ಬಂದು ಕೂರುತ್ತಾರೆ, ಆದರೆ ತಾಳ ಮುಟ್ಟುವುದಿಲ್ಲ. ಮನೆಯವರು ಹಿಮ್ಮಡಿಯಿಂದ ನೆತ್ತಿಯವರೆಗೆ ಸವರಿ, ಮುಖ ನೋಡಿ, ಹೊರಗೆ ಬಂದು ಹೇಳಬೇಕು: "ದಾವಲಸಾಬನ ಕೈ ಆಡಿಸೇವ್ರಿ." ಆಮೇಲೇ ಹಾಡು. ಆ ಕೈ ಆಡಿಸಿದ ಮೇಲೆ ಭಜನೆಯವರು ಹಾಡದೆ ಎದ್ದುಹೋದ ಮನೆಗಳೂ ಇವೆ.

ನನಗೂ ವಯಸ್ಸಾಯಿತು ಮಕ್ಕಳೇ. ಮೊನ್ನೆ ನಿಮ್ಮಲ್ಲೊಬ್ಬರ ಹೆಸರು ಮರೆತೆ, ಯಾರದು ಅಂತ ಹೇಳುವುದಿಲ್ಲ. ನಾಳೆ ನೀವು ಬಂದು ಕೇಳಿದರೆ ನಾನೂ ಆರಾಮ ಅಂತಲೇ ಹೇಳುತ್ತೇನೆ. ನಂಬಬೇಡಿ. ಕಾಲಿನ ಹತ್ತಿರ ಕೂತು, ನನ್ನ ಮುಖ ನೋಡಿ.