ಕೈಬೇಡಿ ಸೇತುವೆ

ಜಪಾನಿನ ಉತ್ತರದ ಹಿಮಸೀಮೆಯಲ್ಲಿರುವ ಕಿನೊಸೆ ಎಂಬ ಊರಿಗೆ ಬರುವ ಪ್ರವಾಸಿಗರು ಮೊದಲು ಕೋಟೆ ನೋಡುತ್ತಾರೆ. ಆಮೇಲೆ ಕಂದಕದ ದಂಡೆಯ ಚೆರಿ ಮರಗಳು, ಸಮುರಾಯ್‌ಗಳ ಹಳೆಯ ಬೀದಿ, ಅದರ ತುದಿಯಲ್ಲೊಂದು ಸಣ್ಣ ವಸ್ತುಸಂಗ್ರಹಾಲಯ. ಅಲ್ಲಿಂದ ನೀಲಿ ಬಟ್ಟೆ ಕೊಳ್ಳಲು ಬಣ್ಣಗಾರರ ಕೇರಿಗೆ ಹೋಗುವವರು ಹಯಾತಾ ಹೊಳೆಯ ಮೇಲಿನ ಒಂದು ಗಿಡ್ಡ ಸೇತುವೆಯನ್ನು ದಾಟಬೇಕು. ಕಣ್ಣು ಸೆಳೆಯುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೆ ಕೋಟೆಯ ಕಡೆಯ ಕಂಬದಲ್ಲಿ ‘ಚಿತೋಸೆ-ಬಾಶಿ’, ಅಂದರೆ ಸಾವಿರ ವರ್ಷದ ಸೇತುವೆ ಎಂದು ಕೆತ್ತಿದ್ದರೆ, ಕೇರಿಯ ಕಡೆಯ ಕಂಬದಲ್ಲಿ ‘ತೆಗುಸಾರಿ-ಬಾಶಿ’ ಎಂದಿದೆ. ಅದರ ಅರ್ಥ ಕೈಬೇಡಿ ಸೇತುವೆ. ಮೊದಲನೆಯದು ಊರನ್ನಾಳಿದ ಪ್ರಭುಗಳು ಇಟ್ಟ ಹೆಸರು. ಎರಡನೆಯದನ್ನು ಯಾರೂ ಇಡಲಿಲ್ಲ, ಯಾರಿಂದಲೂ ಅಳಿಸಲೂ ಆಗಲಿಲ್ಲ ಎನ್ನುತ್ತಾರೆ ಕೇರಿಯ ಹಿರಿಯರು.

ಹಿಂದೆ ಒಮ್ಮೆ, ಕೋಟೆಯಲ್ಲಿ ಪ್ರಭುಗಳು ಇದ್ದ ಕಾಲದಲ್ಲಿ, ಈ ಸೇತುವೆ ಅವರ ಪರಿವಾರಕ್ಕೆ ಮಾತ್ರ ಮೀಸಲಾಗಿತ್ತು. ಬೇರೆ ಯಾರೂ ಕಾಲಿಡಕೂಡದೆಂದು ಹಲಗೆ ನೆಟ್ಟು ಕಾವಲು ಹಾಕಿದ್ದರು. ಜನರ ಸೇತುವೆ ಕೆಳಗಡೆ ಬೇರೆ ಇತ್ತು. ಹಿಮ ಕರಗಿ ಹೊಳೆ ಉಕ್ಕಿದಾಗಲೆಲ್ಲ ಅದು ಕೊಚ್ಚಿಹೋಗುತ್ತಿತ್ತು. ಆಗ ಆಚೆ ದಡಕ್ಕೆ ಹೋಗಬೇಕಾದವರು ಬೆಟ್ಟ ಸುತ್ತಬೇಕು. ಊರಿನ ಸೂಲಗಿತ್ತಿ ಓರಿಕು ಒಂದು ವಸಂತದಲ್ಲಿ ಹಾಗೆ ಬೆಟ್ಟ ಸುತ್ತಿ ಕೇರಿ ಮುಟ್ಟುವಷ್ಟರಲ್ಲಿ ತಾಯಿ ಮಗು ಇಬ್ಬರೂ ತಣ್ಣಗಾಗಿದ್ದರು. ಅವಳು ಅತ್ತಳೋ ಇಲ್ಲವೋ, ಕಂಡವರಿಲ್ಲ. ಮರುವರ್ಷ ಜನರ ಸೇತುವೆ ಮತ್ತೆ ಕೊಚ್ಚಿಹೋಯಿತು, ಬಣ್ಣಗಾರನೊಬ್ಬನ ಹೆಂಡತಿಗೆ ನೋವು ಶುರುವಾಯಿತೆಂದು ಆಚೆ ದಡದಿಂದ ಕೂಗು ಬಂತು. ಓರಿಕು ನಿಲುವಂಗಿ ಎತ್ತಿ ಕಟ್ಟಿ ನೆಟ್ಟಗೆ ಪ್ರಭುಗಳ ಸೇತುವೆಗೆ ನಡೆದಳು. ಕಾವಲುಗಾರ ಗೆನ್‌ಪಾಚಿ ಈಟಿ ಅಡ್ಡ ಹಿಡಿದ.

“ಅಜ್ಜೀ, ಹಲಗೆ ಕಾಣಲಿಲ್ಲವೇ?”

“ಕಂಡಿತು. ಪ್ರಭುಗಳ ಮೆರವಣಿಗೆ ಹೋಗುವಾಗ ಊರೆಲ್ಲ ನೆಲಕ್ಕೆ ಹಣೆ ಹಚ್ಚುತ್ತದೆ, ಸೂಲಗಿತ್ತಿ ಮಾತ್ರ ಅಡ್ಡ ಹಾಯಬಹುದು. ಹೌದೋ ಅಲ್ಲವೋ? ಪ್ರಭುಗಳಿಗಿಂತ ಅವರ ಸೇತುವೆ ದೊಡ್ಡದೇನೋ?”

ಗೆನ್‌ಪಾಚಿ ಹಲಗೆಯ ಕಡೆ ತಿರುಗಿ ನೋಡುವಷ್ಟರಲ್ಲಿ ಅವಳು ಈಟಿಯ ಕೆಳಗೆ ನುಸುಳಿ ಸೇತುವೆಯ ನಡುಭಾಗ ತಲುಪಿದ್ದಳು. ಹುಟ್ಟಿದ್ದು ಹೆಣ್ಣುಮಗು. ಮರುದಿನ ಓರಿಕುವನ್ನು ನಗರಾಧಿಕಾರಿಯ ಮುಂದೆ ಕೂರಿಸಿದರು. ಅವನು ಕೆಟ್ಟವನಲ್ಲ, ಗದ್ದಲ ಬೇಡವೆನ್ನುವವನು. “ವಯಸ್ಸಾಗಿದೆ, ಅವಸರದಲ್ಲಿ ಹಲಗೆ ನೋಡಲಿಲ್ಲ ಎಂದುಬಿಡು. ಇಲ್ಲಿಗೇ ಮುಗಿಯುತ್ತದೆ” ಎಂದ. ಓರಿಕು ಒಂದು ಗಳಿಗೆ ಯೋಚಿಸಿದಳು. ಆ ಒಂದು ಸುಳ್ಳಿನಿಂದ ತಾನು ಮನೆಗೆ ಹೋಗಬಹುದು. ಆದರೆ ತನ್ನ ನಂತರ ಬರುವ ಸೂಲಗಿತ್ತಿ ಮತ್ತೆ ಬೆಟ್ಟ ಸುತ್ತಬೇಕು. “ನೋಡಿದೆ. ನೋಡಿಯೇ ದಾಟಿದೆ. ನಾಳೆ ಕರೆದರೆ ನಾಳೆಯೂ ದಾಟುತ್ತೇನೆ” ಎಂದಳು. ಅಧಿಕಾರಿಗೆ ಬೇರೆ ದಾರಿ ಉಳಿಯಲಿಲ್ಲ. ಅವಳ ಎರಡೂ ಮಣಿಕಟ್ಟು ಜೋಡಿಸಿ ಕಬ್ಬಿಣದ ಬೇಡಿ ತೊಡಿಸಿ, ಬಿಚ್ಚಿದರೆ ಗೊತ್ತಾಗುವಂತೆ ಮೇಲೆ ಕಾಗದದ ಮುದ್ರೆ ಅಂಟಿಸಿ, ಬೇಸಿಗೆ ಮುಗಿಯುವವರೆಗೆ ಹೊಸ್ತಿಲು ದಾಟಬಾರದೆಂದು ಮನೆಗೆ ಕಳಿಸಿದ. ಸೂಲಗಿತ್ತಿಯ ಕೈ ಕಟ್ಟಿದರೆ ಅವಳಿಗೆ ಹೋಗಲು ಕಾರಣವೇ ಇರುವುದಿಲ್ಲ ಎಂದು ಅವನ ಲೆಕ್ಕ.

ಹೊಳೆ ಇಳಿಯುವ ಮೊದಲೇ ಕೇರಿಯಿಂದ ಮತ್ತೊಂದು ಕೂಗು ಬಂತು. ಓರಿಕು ಸೊಸೆ ಓಮಿನೆಯನ್ನು ಹೊರಡಿಸಿದಳು. ಕೋಳಿ ಕೊಯ್ದರೂ ಮುಖ ತಿರುಗಿಸುವ ಹೆಣ್ಣು ಅದು. ಹಾಡಹಗಲಲ್ಲಿ ಅತ್ತೆ ಮುಂದೆ, ಸೊಸೆ ಹಿಂದೆ, ಸೇತುವೆಗೆ ಬಂದರು.

“ಅಯ್ಯೋ ಅಜ್ಜೀ, ನೀನು ಮನೆಯಲ್ಲಿರಬೇಕಾದವಳು!” ಎಂದ ಗೆನ್‌ಪಾಚಿ.

ಓರಿಕು ಬೇಡಿ ತೊಟ್ಟ ಕೈಗಳನ್ನು ಅವನ ಮೂಗಿನ ಮುಂದೆ ಎತ್ತಿದಳು. “ಕಟ್ಟಬೇಕಾದ್ದನ್ನು ಕಟ್ಟಿದ್ದಾರೆ. ಉಳಿದಿರುವುದು ಕುತ್ತಿಗೆ. ಬೇಕಾದರೆ ಬರುವಾಗ ತಗೋ, ಈಗ ಅವಸರದಲ್ಲಿದ್ದೇನೆ.”

ಬಣ್ಣಗಾರರ ಮನೆಯಲ್ಲಿ ಓರಿಕು ಬೇಡಿಯ ಕೈಗಳನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು ಮಗು ಹೇಗಿದೆಯೆಂದು ತಿಳಿದಳು, ಮಿಕ್ಕಿದ್ದನ್ನೆಲ್ಲ ಸೊಸೆಗೆ ಬಾಯಲ್ಲಿ ಹೇಳಿ ಮಾಡಿಸಿದಳು. “ಅತ್ತೆ, ನನ್ನ ಕೈ ನಡುಗುತ್ತಿದೆ” ಎಂದಳು ಓಮಿನೆ. “ನಡುಗಲಿ. ನಡುಗಿದರೂ ಬಿಚ್ಚಿದ ಕೈ ತಾನೇ? ಹಿಡಿ” ಎಂದಳು ಅತ್ತೆ. ಮಗು ಅತ್ತಿತು. ಸಂತೋಷಕ್ಕೆ ಮನೆಯವರು ತಮ್ಮ ನೀಲಿ ಹತ್ತಿದ ಕೈಗಳಿಂದಲೇ ಓರಿಕುವಿನ ಕೈ ಹಿಡಿದುಕೊಂಡರು. ಆ ಬೇಸಿಗೆಯಲ್ಲಿ ಕೇರಿಯಲ್ಲಿ ಹುಟ್ಟಿದ ಮಕ್ಕಳೆಲ್ಲ ಹೀಗೆ ಅತ್ತೆಯ ಬಾಯಿ, ಸೊಸೆಯ ಕೈಯಿಂದಲೇ ಹುಟ್ಟಿದವು ಎನ್ನುತ್ತಾರೆ. ಗೆನ್‌ಪಾಚಿ ಕೂಗಾಡುವುದನ್ನು ಬಿಟ್ಟ. ಅವರು ಬರುವುದು ಕಂಡರೆ ಹೊಳೆಯ ಕಡೆ ಮುಖ ಮಾಡಿ ಮೀನು ನೋಡತೊಡಗಿದ.

ಬೇಡಿ ತೆಗೆಯುವ ದಿನ ನಗರಾಧಿಕಾರಿ ಮುದ್ರೆಯನ್ನು ಪರೀಕ್ಷಿಸಿದ. ಎಲ್ಲೂ ಹರಿದಿರಲಿಲ್ಲ. ಆದರೆ ಬಿಳಿಯ ಕಾಗದ ಕಡುನೀಲಿಯಾಗಿತ್ತು.

“ಈ ನೀಲಿ ಎಲ್ಲಿಯದು?”

“ಹೊಳೆಯಾಚೆಯದು.”

“ಸೇತುವೆ ದಾಟಿದೆಯಾ?”

“ಹಾರಿ ಹೋಗಲು ರೆಕ್ಕೆ ಇಲ್ಲವಲ್ಲ.”

ಇನ್ನು ಸೆರೆಮನೆಯೇ ಗತಿ ಎಂದು ಅಧಿಕಾರಿ ಕಾವಲಿನವರನ್ನು ಕರೆಯಲು ಬಾಗಿಲ ಕಡೆ ತಿರುಗಿದ. ಹೊರಗೆ ಅಂಗಳದಲ್ಲಿ ಕೇರಿಯ ಹೆಂಗಸರು ನಿಂತಿದ್ದರು. ಕೂಗಿಲ್ಲ, ಗದ್ದಲವಿಲ್ಲ. ಬೆನ್ನಿಗೆ ಕೂಸು ಕಟ್ಟಿಕೊಂಡವರು, ದಿನ ತುಂಬಿದವರು, ಮುದುಕಿಯರು, ಅವರ ಮುಂದೆ ಸೊಸೆ ಓಮಿನೆ, ಎಲ್ಲರೂ ಎರಡೂ ಮಣಿಕಟ್ಟು ಜೋಡಿಸಿ ಬೇಡಿಗಾಗಿ ಮುಂದೆ ಚಾಚಿದ್ದರು. ಅಷ್ಟು ಬೇಡಿಗಳು ಕೋಟೆಯಲ್ಲಿರಲಿಲ್ಲ. ಅಧಿಕಾರಿ ಬಾಗಿಲಿಂದ ಹಿಂದಿರುಗಿ ತಾನೇ ಬೇಡಿಯ ಬೀಗ ತೆಗೆದ. ಓರಿಕು ಮಣಿಕಟ್ಟು ತಿಕ್ಕಿಕೊಂಡು, “ಹಾಗಾದರೆ ನಾಳೆ?” ಎಂದು ಕೇಳಿದಳು. ಅವನು ಬೇಡವೆನ್ನಲಿಲ್ಲ.

ಹಲಗೆಯನ್ನು ಕೋಟೆಯವರು ಕೀಳಲಿಲ್ಲವಂತೆ. ಪ್ರಭುಗಳ ಮಾನ ಉಳಿಯಬೇಕಲ್ಲ. ಆದರೆ ಅಂದಿನಿಂದ ‘ಹೆರಿಗೆ’ ಎಂಬ ಕೂಗು ಕೇಳಿದರೆ ಕಾವಲುಗಾರರು ಹೊಳೆಯ ಕಡೆ ತಿರುಗಿ ನಿಲ್ಲುವುದು ರೂಢಿಯಾಯಿತು. ಕೋಟೆಯಲ್ಲಿ ಈಗ ಯಾರೂ ಇಲ್ಲ, ಹಲಗೆ ಎಂದೋ ಕೊಳೆತುಹೋಯಿತು. ಮರದ ಸೇತುವೆ ತೆಗೆದು ಕಲ್ಲಿನದು ಕಟ್ಟಿದಾಗ ಊರಿನ ಆಡಳಿತ ಎರಡೂ ಕಡೆ ಪ್ರಭುಗಳಿಟ್ಟ ಹೆಸರನ್ನೇ ಕೆತ್ತಿಸಲು ಹೊರಟಿತ್ತು. ಕೇರಿಯವರು ತಮ್ಮ ಕಡೆಯ ಕಂಬವನ್ನು ತಾವೇ ಕೆತ್ತಿ ತಂದು ನಿಲ್ಲಿಸಿದರು. ಪ್ರವಾಸಿಗರು ಇಂದಿಗೂ ನೋಡಬಹುದು: ಬಸುರಿ ಹೆಂಗಸರು ಅಲ್ಲಿಗೆ ಬಂದರೆ ಕಂಬದ ಮುಂದೆ ನಿಂತು ಎರಡೂ ಮಣಿಕಟ್ಟುಗಳನ್ನು ಜೋಡಿಸುತ್ತಾರೆ. ತಲೆ ಮಾತ್ರ ಬಾಗಿಸುವುದಿಲ್ಲ. ಕೋಟೆಯತ್ತ ನೇರ ನೋಡಿ, ಕೈಗಳನ್ನು ಫಕ್ಕನೆ ಬಿಡಿಸಿಕೊಂಡು, ಸೇತುವೆ ದಾಟಿ ಹೋಗುತ್ತಾರೆ.