ಅಡ್ಡ ಸಾಲು

"ಗುರುಗಳೇ, ಗೆದ್ದೇ ಗೆಲ್ಲುತ್ತೇನೆ ಎಂದು ಹೊರಟವನು ಸೋತರೆ ಅವನಿಗೆ ನೋವು ಇಮ್ಮಡಿ. ಸೋಲಿಗೆ ಮೊದಲೇ ಮನಸ್ಸು ಸಿದ್ಧ ಮಾಡಿಕೊಂಡವನಿಗೆ ಬಿದ್ದರೂ ಪೆಟ್ಟು ಕಡಿಮೆ. ಹಾಗಿರುವಾಗ ಆಸೆ ಬಿಡಬೇಡಿ ಎಂದು ನೀವು ದಿನವೂ ಏಕೆ ಹೇಳುತ್ತೀರಿ?"

ಕೇಳಿದವನು ಮಹಾಂತ. ಮಠದಲ್ಲಿ ವೈದ್ಯ ಕಲಿಯಲು ಬಂದವರಲ್ಲಿ ಅವನೇ ಹಿರಿಯ. ಮರುದಿನ ಬೆಳಿಗ್ಗೆ ಹಿರಿಯ ವೈದ್ಯರ ಮುಂದೆ ಅವನ ಪರೀಕ್ಷೆ ಇತ್ತು. ಗುರುಗಳು ಸಾಣೆಕಲ್ಲಿನ ಮೇಲೆ ಬೇರು ತೇಯುತ್ತಿದ್ದರು. ತೇಯುವುದನ್ನು ನಿಲ್ಲಿಸದೆ ಹೇಳಿದರು:

"ಒಳ್ಳೆಯ ಪ್ರಶ್ನೆ. ನಿನ್ನಂತೆಯೇ ಜಾಣನಾದ ಒಬ್ಬ ಕಲ್ಲುಕುಟಿಗನಿದ್ದ. ಅವನ ಕತೆ ಕೇಳು."

ಗುಡ್ಡದ ಬುಡದಲ್ಲಿ ಒಂದು ಊರು. ಊರಿನ ಮುಂದೆ ಒಂದು ಹಳ್ಳ. ಬೇಸಿಗೆಯಲ್ಲಿ ಅದು ಮಕ್ಕಳು ಕಾಲು ತೊಳೆಯುವಷ್ಟು ನೀರಿನ ಸಾಧು ಹಳ್ಳ. ಮಳೆಗಾಲ ಬಂತೆಂದರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಊರವರು ಮರದ ದಿಮ್ಮಿ ಹಾಸಿ ನೋಡಿದ್ದರು, ಮೊದಲ ಮಳೆಗೇ ಕೊಚ್ಚಿಹೋಯಿತು. ನಡುನೀರಿನಲ್ಲಿ ಕಲ್ಲಿನ ಕಂಬ ನಿಲ್ಲಿಸಿ ಎರಡು ಚಪ್ಪಡಿ ಹಾಸಿದರು. ಬೇರುಸಮೇತ ತೇಲಿಬಂದ ಮರವೊಂದು ಕಂಬಕ್ಕೆ ಗುದ್ದಿ ಎಲ್ಲವನ್ನೂ ಎಳೆದುಕೊಂಡು ಹೋಯಿತು. ಉಳಿದದ್ದು ಒಂದೇ ದಾರಿ. ಈ ದಡದಿಂದ ಆ ದಡಕ್ಕೆ ಮುಟ್ಟುವ, ನಡುವೆ ಆಸರೆ ಬೇಡದ ಒಂದೇ ಕಲ್ಲು ಬೇಕಿತ್ತು. ಅಷ್ಟುದ್ದದ ಕಲ್ಲನ್ನು ಆ ಗುಡ್ಡದಿಂದ ಅದುವರೆಗೆ ಯಾರೂ ಎಬ್ಬಿಸಿರಲಿಲ್ಲ.

ನಾನು ಎಬ್ಬಿಸುತ್ತೇನೆ ಎಂದವನು ಕಲ್ಲುಕುಟಿಗ ಮಾಚೋಜ. ಅವನು ಹಾಗೆ ಹೇಳಿದ್ದು ಹೆಸರಿನ ಆಸೆಗಲ್ಲ. ಒಂದು ಮಳೆಗಾಲದಲ್ಲಿ ಅವನ ಹೆಂಡತಿ ಸಿದ್ದವ್ವನ ತಾಯಿ ಆಚೆ ದಡದ ಊರಿನಲ್ಲಿ ತೀರಿಕೊಂಡಳು. ಹಳ್ಳ ತುಂಬಿ ಹರಿಯುತ್ತಿತ್ತು. ತಾಯಿಯ ಬಾಯಿಗೆ ನೀರು ಬಿಡುವುದಿರಲಿ, ಕೊನೆಯ ಸಲ ಮುಖ ನೋಡುವುದೂ ಸಿದ್ದವ್ವನಿಗೆ ಆಗಲಿಲ್ಲ. ಹೆಣ ಹೊತ್ತು ಹೋಗುವುದನ್ನು ಈಚೆ ದಡದಲ್ಲಿ ನಿಂತು ನೋಡಿದಳು. ಅವಳ ಪಕ್ಕದಲ್ಲಿ ನಿಂತಿದ್ದ ಮಾಚೋಜನಿಗೆ ತನ್ನ ಕಸುಬಿನ ಮೇಲೇ ನಾಚಿಕೆಯಾಯಿತು. ಜೀವಮಾನವೆಲ್ಲ ಕಲ್ಲು ಒಡೆದವನಿಗೆ ಹೆಂಡತಿಯ ಕಾಲಡಿಗೆ ಒಂದು ಕಲ್ಲು ಹಾಸಲು ಆಗಲಿಲ್ಲವಲ್ಲ ಎಂದು ನೊಂದು, ಆ ಕಲ್ಲು ಎಬ್ಬಿಸುವ ಸಂಕಲ್ಪವನ್ನು ಅವನು ಅಂದೇ ಮಾಡಿದ.

ಕಲ್ಲು ಎಬ್ಬಿಸುವ ರೀತಿ ನಿನಗೆ ಗೊತ್ತಿರಲಿಕ್ಕಿಲ್ಲ. ಬಂಡೆಯ ಮೇಲೆ ಬೇಕಾದ ಕಡೆಗೆ ಗೆರೆ ಎಳೆಯುತ್ತಾರೆ. ಗೆರೆಯ ಉದ್ದಕ್ಕೂ ಉಳಿಯಿಂದ ಸಾಲಾಗಿ ಗುಳಿ ಕೊರೆಯುತ್ತಾರೆ. ಒಬ್ಬರು ಉಳಿ ಹಿಡಿದು ತಿರುಗಿಸಬೇಕು, ಇನ್ನೊಬ್ಬರು ಸುತ್ತಿಗೆ ಹೊಡೆಯಬೇಕು. ಮಾಚೋಜನ ಸುತ್ತಿಗೆಗೆ ಉಳಿ ಹಿಡಿಯುವವಳು ಸಿದ್ದವ್ವ. ಗುಳಿಗಳೆಲ್ಲ ಆದ ಮೇಲೆ ಒಂದೊಂದರಲ್ಲೂ ಕಬ್ಬಿಣದ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಹೊಡೆಯುತ್ತ ಹೋದರೆ ಬಂಡೆ ಗೆರೆಗುಂಟ ಸೀಳಿ ಏಳುತ್ತದೆ.

ಮೊದಲ ಬಂಡೆಯನ್ನು ಮಾಚೋಜ ಹಾಡು ಗುನುಗುತ್ತಲೇ ಕೊರೆದ. ಆದರೆ ಅದರೊಳಗೆ ಹಳೆಯ ಬಿರುಕೊಂದು ಅಡಗಿತ್ತು. ಬೆಣೆ ಬಿಗಿಯಾಗುತ್ತಿದ್ದಂತೆ ಅದು ಹಪ್ಪಳದ ಹಾಗೆ ಅಡ್ಡಾದಿಡ್ಡಿ ಮುರಿಯಿತು. ನೋಡಲು ಬಂದಿದ್ದ ಜನರಲ್ಲಿ ಒಬ್ಬ ಮುದುಕ, "ಮಾಚಣ್ಣ, ಇದರಾಗ ನಮ್ಮ ಮನಿಗೆ ಖಾರ ಕುಟ್ಟಾಕ ಒಂದು ಒಳ್ಳು ಆದ್ರೂ ಆಗತೈತೇನು ನೋಡೋ" ಎಂದ. ಎಲ್ಲರೂ ನಕ್ಕರು. ಮಾಚೋಜನೂ ನಕ್ಕ. ಮನೆಗೆ ಬಂದು ಊಟ ಮಾಡಲಿಲ್ಲ.

ಅಲ್ಲಿಂದ ಮುಂದೆ ಅವನು ಜಾಣನಾದ.

ಎರಡನೆಯ ಬಂಡೆಯ ಮೇಲೆ ಉದ್ದದ ಸಾಲು ಕೊರೆದ ಮೇಲೆ, ನಡುಮಧ್ಯೆ ಅಡ್ಡಲಾಗಿ ಇನ್ನೊಂದು ಸಾಲು ಕೊರೆದ. ಒಡೆಯುವುದಾದರೆ ನೆಟ್ಟಗೆ ಎರಡಾಗಿಯಾದರೂ ಒಡೆಯಲಿ, ಬಾಗಿಲ ಚೌಕಟ್ಟಿಗಾದರೂ ಬರಲಿ ಎಂಬುದು ಅವನ ಲೆಕ್ಕ. ಅಡ್ಡ ಸಾಲಿಗೆ ಅವನು ಬೆಣೆ ಇಡಲಿಲ್ಲ, ಗುಳಿ ಮಾತ್ರ ಕೊರೆದು ಬಿಟ್ಟ. ಉದ್ದದ ಸಾಲಿಗೆ ಬೆಣೆ ಹೊಡೆಯುತ್ತಿದ್ದಂತೆ ಬಂಡೆ ಅಡ್ಡ ಸಾಲಿನಲ್ಲೇ ಮುರಿದು ಎರಡಾಯಿತು. ಮಾಚೋಜ ಹಣೆಯ ಬೆವರು ಒರೆಸಿಕೊಂಡು, "ನೋಡಿದ್ಯಾ? ಅಡ್ಡ ಸಾಲು ಇರದಿದ್ರ ಇದೂ ಚೂರಾಗತಿತ್ತು" ಎಂದು ಹೆಂಡತಿಗೆ ಹೇಳಿದ. ಈ ಸಲ ಯಾರೂ ನಗಲಿಲ್ಲ. ಮುಂದಾಲೋಚನೆ ಎಂದರೆ ಇದು ಎಂದು ಹೊಗಳಿದರು. ಹೊಗಳಿಕೆಯಲ್ಲಿ ಅವನಿಗೆ ನೆಮ್ಮದಿಯೂ ಸಿಕ್ಕಿತು.

ಮುಂದಿನ ಬಂಡೆಯೂ ಹಾಗೇ ಆಯಿತು, ಅದರ ಮುಂದಿನದೂ ಹಾಗೇ. ಮಾಚೋಜನ ಪುಣ್ಯದಿಂದ ಊರಿನ ಮನೆಗಳಿಗೆಲ್ಲ ಕಲ್ಲಿನ ಚೌಕಟ್ಟು ಬಂತು. ಅಂಥ ಬಾಗಿಲುಗಳು ಸುತ್ತಲಿನ ಯಾವ ಊರಿನಲ್ಲೂ ಇರಲಿಲ್ಲ. ಬಾಗಿಲು ದಾಟಿ ಹೊರಗೆ ಬಂದವರು ಹಳ್ಳದ ದಡದಲ್ಲಿ ನಿಲ್ಲುತ್ತಿದ್ದರು, ಅಷ್ಟೇ.

ಕೊನೆಗೆ ಗುಡ್ಡದಲ್ಲಿ ಅಷ್ಟುದ್ದದ ಬಂಡೆ ಒಂದೇ ಒಂದು ಉಳಿಯಿತು. ಅದೂ ಮುರಿದರೆ ಹಳ್ಳ ದಾಟುವ ಆಸೆ ಅಲ್ಲಿಗೆ ಮುಗಿಯಿತು. ಸಿದ್ದವ್ವ ಕೊಡಗಟ್ಟಲೆ ನೀರು ಹೊತ್ತು ತಂದು ಬಂಡೆಯ ಮೈಮೇಲೆಲ್ಲ ಸುರಿದಳು. ಬಿರುಕಿದ್ದರೆ ಅಲ್ಲಿ ನೀರು ಇಂಗಿ, ಉಳಿದ ಕಲ್ಲು ಆರಿದ ಮೇಲೂ ಒದ್ದೆಯ ಗೆರೆ ಉಳಿಯುತ್ತದೆ. ಕಲ್ಲು ಪೂರ್ತಿ ಆರುವವರೆಗೆ ಇಬ್ಬರೂ ಬಿಸಿಲಿನಲ್ಲಿ ಕುಳಿತು ನೋಡಿದರು. ಎಲ್ಲೂ ಗೆರೆ ಉಳಿಯಲಿಲ್ಲ. ಮಾಚೋಜ ಸುತ್ತಿಗೆಯಿಂದ ತುದಿಯಿಂದ ತುದಿಗೆ ತಟ್ಟುತ್ತ ಹೋದ. ಎಲ್ಲ ಕಡೆಯೂ ಒಂದೇ ನಾದ ಬಂತು. ಬಂಡೆ ಗಟ್ಟಿಯಾಗಿತ್ತು.

ಹಾಗಿದ್ದರೂ ಅವನು ಉದ್ದದ ಗೆರೆ ಎಳೆದು ಮುಗಿಸಿ, ಬಂಡೆಯ ನಡುವಿಗೆ ಬಂದು ಅಡ್ಡ ಗೆರೆ ಎಳೆದ. "ಮೊದಲು ಇದನ್ನ ಮುಗಿಸಿಬಿಡೋಣ, ಹಿಡಿ" ಎಂದ. ಸಿದ್ದವ್ವ ಉಳಿಯನ್ನು ಕೆಳಗಿಟ್ಟಳು.

"ಈ ಸಾಲಿಗೆ ನಾ ಉಳಿ ಹಿಡಿಯೂದಿಲ್ರಿ."

ಮಾಚೋಜನಿಗೆ ಸಿಟ್ಟು ಬಂತು. "ಒಡೆದ್ರ? ಮತ್ತ ಊರವರ ಮುಂದ ನಗಿಪಾಟಲಾಗಬೇಕೇನು ನಾನು?"

ಸಿದ್ದವ್ವ ಎಡಗೈಯನ್ನು ಬಂಡೆಯ ಮೇಲೆ ಅಗಲಿಸಿ ಇಟ್ಟಳು. ಎರಡು ಬೆರಳಿನ ಉಗುರುಗಳು ಸೊಟ್ಟಗಾಗಿದ್ದವು. "ಇದನ್ನ ನೋಡ್ರಿ. ಲಗ್ನ ಆಗಿ ಬಂದ ಹೊಸತರಾಗ ಉಳಿ ಹಿಡಿದ್ರ ಕೈ ನಡಗತಿತ್ತು. ಪೆಟ್ಟು ಬೆರಳಿಗೆ ಬೀಳತೈತಿ ಅಂತ ಬೆರಳನ್ನ ನೋಡತಿದ್ದೆ. ನೋಡಿದಷ್ಟೂ ಕೈ ನಡಗೂದು, ನಡಗಿದಷ್ಟೂ ಉಳಿ ಸರಿಯೂದು, ಪೆಟ್ಟು ಬೆರಳಿಗೇ ಬೀಳೂದು. ಆಮ್ಯಾಲ ಉಳಿ ತಲಿ ನೋಡೂದು ಕಲತೆ. ಪೆಟ್ಟು ಅಲ್ಲೇ ಬೀಳತೈತಿ ಅಂತ ಒಂದೊಂದು ಸಲಾನೂ ಮನಸಿಗೆ ಹೇಳಿದೆ. ಒಂದು ದಿನದಾಗ ಬರಲಿಲ್ರಿ ಅದು, ಹೇಳಿ ಹೇಳಿ ಬಂತು. ಇಷ್ಟು ವರ್ಷ ನಿಮ್ಮ ಸುತ್ತಿಗಿ ಕೆಳಗ ನನ್ನ ಬೆರಳು ಇಟ್ಟೀನಿ. ಒಂದು ಕಲ್ಲಿನ ಮ್ಯಾಲ ಅಷ್ಟು ನಂಬಿಗಿ ಇಡಾಕ ನಿಮಗ ಆಗೂದಿಲ್ಲೇನು? ಒಡೆದ್ರ ಒಡೀಲಿ. ಎಲ್ಲಿ ಒಡೀಬೇಕು ಅಂತ ನಾವಾ ಕೈಯಾರೆ ತೋರಿಸಿಕೊಡೂದು ಬ್ಯಾಡ."

ಮಾಚೋಜ ಎದ್ದುಹೋದ. ಹಿಂದಿನ ಬಂಡೆಯ ಒಂದು ತುಂಡು ಚೌಕಟ್ಟಿಗೆ ಹೋಗದೆ ಅಲ್ಲೇ ಬಿದ್ದಿತ್ತು. ಅದರ ಪಕ್ಕ ಕುಳಿತು ಮುರಿದ ಮುಖವನ್ನು ಸವರಿದ. ಅಂಚಿನ ಉದ್ದಕ್ಕೂ ಅವನೇ ಕೊರೆದ ಗುಳಿಗಳ ಅರ್ಧರ್ಧ ಗುರುತುಗಳು ಸಾಲಾಗಿ ಇದ್ದವು. ಬಿರುಕಿಲ್ಲ, ಕಪ್ಪು ಕಲೆಯಿಲ್ಲ, ಹಸನಾದ ಕಲ್ಲು. ಮೊದಲ ಬಂಡೆ ತನ್ನ ಬಿರುಕಿನಿಂದ ಮುರಿದಿತ್ತು. ಉಳಿದವನ್ನೆಲ್ಲ ಮುರಿದವನು ಅವನೇ. ಕಲ್ಲು ಮೋಸ ಮಾಡಿತು ಎಂದು ಇಷ್ಟು ದಿನ ಬೈದುಕೊಂಡಿದ್ದ. ಅದು ಅವನು ತೋರಿಸಿದ ದಾರಿಯಲ್ಲಿ ನಡೆದಿತ್ತು, ಅಷ್ಟೇ. ಅವನಿಗೆ ಅಳುವೇ ಬಂತು.

ಎದ್ದು ಬಂದು ಅಡ್ಡ ಗೆರೆಯನ್ನು ಅಂಗೈಯಿಂದ ಒರೆಸಿದ.

ಒರೆಸಿದ ಮಾತ್ರಕ್ಕೆ ಭಯ ಹೋಯಿತೆಂದು ತಿಳಿಯಬೇಡ. ಬೆಳಿಗ್ಗೆ ಗುಡ್ಡ ಹತ್ತಿದ ಕೂಡಲೇ ಅವನ ಕಣ್ಣು ಬಂಡೆಯ ನಡುವಿಗೇ ಹೋಗುತ್ತಿತ್ತು, ಅಲ್ಲೇ ಮುರಿದಂತೆ ಕಾಣುತ್ತಿತ್ತು. ಆಗ ಬಂಡೆಯ ತುದಿಗೆ ಹೋಗಿ ನಿಂತು ಹಳ್ಳದ ಕಡೆ ನೋಡುತ್ತಿದ್ದ. ಅಲ್ಲಿ ಈ ಕಲ್ಲು ಮಲಗಿದೆ, ಅದರ ಮೇಲೆ ಸಿದ್ದವ್ವ ನಡೆದು ಹೋಗುತ್ತಿದ್ದಾಳೆ ಎಂದು ನೆನೆಯುತ್ತಿದ್ದ. "ಇದು ಹಳ್ಳದ ಕಲ್ಲು" ಎಂದು ಬಾಯಿಬಿಟ್ಟು ಹೇಳಿಕೊಂಡ ಮೇಲೆಯೇ ಸುತ್ತಿಗೆ ಎತ್ತುತ್ತಿದ್ದ. ಮೊದಮೊದಲು ಪಿಸುದನಿಯಲ್ಲಿ ಹೇಳುತ್ತಿದ್ದ. ಸಿದ್ದವ್ವ ನಗುತ್ತ, "ಜೋರಾಗಿ ಹೇಳ್ರಿ, ಕಲ್ಲಿಗೆ ಕಿವಿ ಮಂದ" ಎನ್ನುತ್ತಿದ್ದಳು. ದಿನ ಕಳೆದಂತೆ ಮಾತು ಸಲೀಸಾಗಿ ಬಂತು. ಆಮೇಲೆ ಅದನ್ನು ನಂಬುವುದೂ ಸಲೀಸಾಯಿತು.

ಇನ್ನೊಂದು ಬದಲಾವಣೆ ಅವನಿಗೇ ತಡವಾಗಿ ತಿಳಿಯಿತು. ಹಿಂದಿನ ಬಂಡೆಗಳಲ್ಲಿ ಅವನು ಗುಳಿಗಳನ್ನು ಅವಸರದಲ್ಲಿ ಕೊರೆದು ಮುಗಿಸಿದ್ದ. ಹೇಗೂ ಒಡೆಯುವ ಕಲ್ಲಿಗೆ ಇಷ್ಟು ಸಾಕು ಎಂದು ಅವನ ಕೈಗೆ ಗೊತ್ತಿತ್ತು. ಈ ಕಲ್ಲು ಏಳುತ್ತದೆ ಎಂದುಕೊಂಡ ಮೇಲೆ ಅದೇ ಕೈ ಒಂದೊಂದು ಗುಳಿಯನ್ನೂ ಆಳವಾಗಿ, ನೆಟ್ಟಗೆ, ಒತ್ತೊತ್ತಾಗಿ ಕೊರೆಯಿತು. ಸೊಟ್ಟಗಿದೆ ಅನಿಸಿದ್ದನ್ನು ಮತ್ತೆ ತಿದ್ದಿತು. ಇಷ್ಟು ಹಸನಾದ ಕೆಲಸ ತನ್ನ ಕೈಯಲ್ಲಿತ್ತೇ ಎಂದು ಅವನೇ ಬೆರಗಾದ.

ಬೆಣೆ ಹೊಡೆಯುವ ದಿನ ಊರೆಲ್ಲ ಗುಡ್ಡ ಹತ್ತಿತು. ಅಡ್ಡ ಸಾಲು ಎಲ್ಲಿ ಎಂದು ಕೆಲವರು ಹುಡುಕಿದರು. ಇಲ್ಲವೆಂದು ತಿಳಿದಾಗ ತಲೆ ಅಲ್ಲಾಡಿಸಿದರು. ಒಳ್ಳು ಕೇಳಿದ್ದ ಮುದುಕ ಒಳ್ಳೆಯ ಜಾಗ ಹುಡುಕಿ ಕುಳಿತ.

ಮಾಚೋಜ ಈ ತುದಿಯಿಂದ ಹೊರಟು ಬೆಣೆಗೆ ಒಂದೊಂದೇ ಪೆಟ್ಟು ಕೊಡುತ್ತ ಹೋದ. ಆ ತುದಿ ಮುಟ್ಟಿ ತಿರುಗಿ ಬಂದ. ಮತ್ತೆ ಹೋದ, ಮತ್ತೆ ಬಂದ. ಬೆಣೆಗಳು ಬಿಗಿಯಾದಂತೆ ಅವುಗಳ ದನಿ ಸಣ್ಣಗಾಗುತ್ತ ಬಂತು. ನಡುವಿನ ಬೆಣೆಗೆ ಬಂದಾಗ ಹಳೆಯ ಭಯಕ್ಕೆ ಸುತ್ತಿಗೆ ಅರೆಗಳಿಗೆ ಗಾಳಿಯಲ್ಲೇ ನಿಂತಿತು. ಎದುರಿಗೆ ಸಿದ್ದವ್ವ ನಿಂತಿದ್ದಳು. ಅವಳು ಬೆಣೆಯ ತಲೆಯನ್ನೇ ನೋಡುತ್ತಿದ್ದಳು. ಅವನೂ ಅದನ್ನೇ ನೋಡಿದ. "ಹಳ್ಳದ ಕಲ್ಲೇ, ಏಳು" ಎಂದು ಗಟ್ಟಿಯಾಗಿ ಹೇಳಿ ಪೆಟ್ಟು ಕೊಟ್ಟ.

ಬಂಡೆಯೊಳಗೆ ಏನೋ ಬಿಚ್ಚಿಕೊಂಡ ಸದ್ದಾಯಿತು. ಗುಳಿಯಿಂದ ಗುಳಿಗೆ ಕೂದಲೆಳೆಯಷ್ಟು ಸೀಳು ಓಡಿತು. ನಡುವಿಗೆ ಬಂತು. ನಡುವನ್ನು ದಾಟಿತು. ಎಲ್ಲಿಯೂ ತಿರುಗದೆ ಆ ತುದಿ ಮುಟ್ಟಿತು. ಉದ್ದೋ ಉದ್ದದ ಕಲ್ಲು, ಒಂದೇ ಕಲ್ಲು, ಬಂಡೆಯಿಂದ ಬೇರೆಯಾಗಿ ಎದ್ದಿತು. ಜನ ಕೂಗಿದ ಕೂಗಿಗೆ ಗುಡ್ಡದ ಹಕ್ಕಿಗಳೆಲ್ಲ ಹಾರಿದವು. ಒಳ್ಳು ಕೇಳಿದ್ದ ಮುದುಕನೇ ಎಲ್ಲರಿಗಿಂತ ಮೊದಲು ಓಡಿಬಂದು ಮಾಚೋಜನನ್ನು ತಬ್ಬಿಕೊಂಡ.

ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಒಬ್ಬರು ಹಗ್ಗ ತಂದರು, ಒಬ್ಬರು ಎತ್ತು ತಂದರು, ಉರುಳು ಮರಗಳು ಬಂದವು. ಐಸಾ ಐಸಾ ಎಂದು ಕೂಗುತ್ತ ಇಡೀ ಊರು ಕಲ್ಲನ್ನು ಗುಡ್ಡದಿಂದ ಇಳಿಸಿ ಹಳ್ಳಕ್ಕೆ ಅಡ್ಡಲಾಗಿ ಮಲಗಿಸಿತು. ಈ ದಡ ಮುಟ್ಟಿತು, ಆ ದಡವನ್ನೂ ಮುಟ್ಟಿತು.

ಮಳೆ ಬಂತು. ಹಳ್ಳ ಎಂದಿನಂತೆ ಕೆಂಪಗೆ ತುಂಬಿ ಹರಿಯಿತು. ದೊಡ್ಡ ಮರವೊಂದು ಬೇರುಸಮೇತ ಉರುಳುತ್ತ ಬಂತು. ಗುದ್ದಲು ನಡುವೆ ಕಂಬವಿರಲಿಲ್ಲ. ಅದು ಕಲ್ಲಿನ ಕೆಳಗೆ ನುಸುಳಿ ಮುಂದೆ ಹೋಯಿತು. ಆಗ ಸಿದ್ದವ್ವ ಸೆರಗು ಬಿಗಿದು ಕಲ್ಲಿನ ಮೇಲೆ ಕಾಲಿಟ್ಟಳು. ಆಚೆ ದಡದಲ್ಲಿ ಅವಳ ತಮ್ಮ ಕೈ ಬೀಸುತ್ತ ನಿಂತಿದ್ದ. ಅವಳು ಒಮ್ಮೆಯೂ ಕೆಳಗಿನ ನೀರು ನೋಡದೆ ನಡೆದು ದಾಟಿದಳು. ತಮ್ಮನ ಕೈ ಹಿಡಿದುಕೊಂಡು, ತಿರುಗಿ ನಿಂತು, "ದಾಟಿದೆ ನೋಡ್ರೀ!" ಎಂದು ಕೂಗಿದಳು. ಆ ಕೂಗಿಗೆ ಮಾಚೋಜ ಸುತ್ತಿಗೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಮಗುವಿನಂತೆ ಕುಣಿದ. ಅವನ ಜೀವಮಾನದಲ್ಲಿ ಅಂಥ ಸಂತೋಷ ಅದೇ ಮೊದಲು.

ಕತೆ ಮುಗಿಸಿ ಗುರುಗಳು ತೇಯ್ದ ಬೇರಿನ ಗಂಧವನ್ನು ಬಟ್ಟಲಿಗೆ ಬಳಿದು ಹಾಕಿದರು. ಮಹಾಂತನ ಮುಖ ಅರಳಿತ್ತು. ತಾನೇ ಹಳ್ಳ ದಾಟಿದವನ ಹಾಗೆ ಅವನು ಎದ್ದು ನಮಸ್ಕರಿಸಿದ.

"ಅರ್ಥವಾಯಿತು ಗುರುಗಳೇ. ಎಂಥ ಮೂಢ ಆ ಮಾಚೋಜ! ಕಲ್ಲು ಏಳಲಿ ಎಂದು ಹೊರಟವನು ಮುರಿಯುವುದಕ್ಕೂ ತಾನೇ ಸಾಲು ಕೊರೆದನಲ್ಲ" ಎಂದ.

ಗುರುಗಳು ಕೈ ತೊಳೆದುಕೊಂಡು ಅವನನ್ನು ನೋಡಿದರು.

"ನಾಳೆ ಸೋತರೆ ಯಾರಿಗೂ ಮುಖ ತೋರಿಸದೆ ಊರಿಗೆ ಹೋಗಿಬಿಡಲು ನಿನ್ನ ಕೋಣೆಯಲ್ಲಿ ಗಂಟು ಕಟ್ಟಿಟ್ಟಿದ್ದೀಯಲ್ಲ ಮಹಾಂತ, ಅದು ಉದ್ದದ ಸಾಲೋ, ಅಡ್ಡದ್ದೋ?"