ಹೆಬ್ಬಾತು ಹೊಗಳಿದ ಕೆರೆ

ಚಳಿಗಾಲ ಬಂತೆಂದರೆ ಊರ ಕೆರೆಯ ನೀರುಕೋಳಿಗೆ ತಲೆನೋವು. ಹಿಮದ ನಾಡಿನಿಂದ ಹಾರಿ ಬರುವ ಹೆಬ್ಬಾತು ರೆಕ್ಕೆ ಮಡಚುವ ಮೊದಲೇ ಶುರು ಮಾಡುತ್ತಿತ್ತು: "ಅದು ಹೇಗೆ ಬಾಳುತ್ತೀರಿ ತಾಯೀ ಇಲ್ಲಿ? ಎಮ್ಮೆ ಮೈತೊಳೆದ ನೀರು, ದಿನವಿಡೀ ಬಟ್ಟೆ ಒಗೆಯುವ ಸದ್ದು! ನಮ್ಮಲ್ಲಿ ನೀರೆಂದರೆ ಕನ್ನಡಿ. ಕಿರುಚುವವರಿಲ್ಲ, ನೂಕುವವರಿಲ್ಲ." ಹೀಗೆ ಬೈಯುತ್ತಲೇ ಪಕ್ಕದ ಕಡಲೆ ಹೊಲಕ್ಕಿಳಿದು ಹೊಟ್ಟೆ ಬಿರಿಯ ಮೇಯುತ್ತಿತ್ತು.

ಕೇಳಿ ಕೇಳಿ ನೀರುಕೋಳಿಗೆ ತನ್ನ ಕೆರೆಯೆಂದರೆ ನಾಚಿಕೆಯಾಗತೊಡಗಿತು. ಹುಟ್ಟಿದಾಗಿನಿಂದ ಈಜಿದ ನೀರಿಗೆ ಕಾಲಿಡಲೂ ಹಿಂಜರಿಯಿತು.

ಈ ವರ್ಷ ಹೆಬ್ಬಾತಿನ ನಾಡಿನ ಬಾತೊಂದು ಮೊದಲ ಸಲ ಜೊತೆಗೆ ಬಂತು. ದಂಡೆಯ ಮೇಲೆ ಅತ್ತಿತ್ತ ಹುಡುಕಾಡಿ, "ಅಕ್ಕಾ, ಆ ಕೆರೆ ಎಲ್ಲಿದೆ?" ಎಂದು ನೀರುಕೋಳಿಯನ್ನು ಕೇಳಿತು.

"ಯಾವ ಕೆರೆ?"

"ಬೇಸಿಗೆಯಿಡೀ ನಮ್ಮ ಹೆಬ್ಬಾತಣ್ಣ ಹೊಗಳಿದ್ದು. ಬೆಚ್ಚನೆಯ ನೀರಂತೆ, ಎಮ್ಮೆಗಳ ಸಹವಾಸವಂತೆ, ಸದಾ ಮಾತು, ನಗು, ಪಕ್ಕದಲ್ಲೇ ಕಡಲೆ ಹೊಲವಂತೆ! ನಮ್ಮದು ಬರೀ ಮೌನ, ಅದೂ ಒಂದು ಬದುಕೇ ಅಂತ ನಮ್ಮನ್ನು ಬೈದದ್ದೇ ಬೈದದ್ದು."

ನೀರುಕೋಳಿ ಎಷ್ಟೋ ದಿನಗಳ ಮೇಲೆ ದುಡುಮ್ಮನೆ ನೀರಿಗೆ ಹಾರಿತು.

"ಇದೇ ಕೆರೆ ತಂಗೀ," ಎಂದಿತು ನಗುತ್ತ. "ಆದರೆ ನಿಮ್ಮಣ್ಣ ಹೇಳಿದ ಹಾಗೆ ಕಾಣಬೇಕಾದರೆ ನೀನು ವಾಪಸು ನಿಮ್ಮೂರಿಗೆ ಹೋಗಬೇಕು."